ಪಾಂಬನ್ ಸೇತುವೆ ಮತ್ತು ನನ್ನ ಷಡ್ಡಕ

ಜನವರಿ 4, 2026, ಭಾನುವಾರ

ಡೈರಿಯ ಮೊದಲ ಪುಟಗಳು ಖಾಲಿ ಉಳಿದಿವೆ. ಏನೂ ನಡೆಯಲಿಲ್ಲ ಎಂದು ದಿನಾ ಬರೆಯುವುದಕ್ಕೂ ಒಂದು ಉತ್ಸಾಹ ಬೇಕು. ಇವತ್ತು ಮಾತ್ರ ಬರೆಯಲೇಬೇಕು. ನನ್ನ ಷಡ್ಡಕ ಗಿರಿ ನನ್ನ ಉದ್ಧಾರಕ್ಕೆ ಕೈಹಾಕಿದ್ದಾನೆ.

ಬಾಗಿಲು ತಟ್ಟುವ ಅಭ್ಯಾಸ ಅವನಿಗಿಲ್ಲ. ಬೀದಿ ತುದಿಯಿಂದಲೇ ಕಾರಿನ ಹಾರನ್ ಶುರುಮಾಡುತ್ತಾನೆ. ಕನ್ನಡಕದಂಗಡಿ ಸುಧಾಕರನ, ಅಂದರೆ ನನ್ನ, ಮನೆಗೆ ನೆಂಟರು ಬಂದರೆಂದು ಕೆ.ಜಿ.ಎಫ್.ನ ಇಡೀ ಆಂಡರ್ಸನ್‌ಪೇಟೆಗೆ ಗೊತ್ತಾಗಬೇಕು. ಒಳಗೆ ಬಂದವನು ಸೋಫಾದ ಮೇಲಿದ್ದ ಒಗೆಯುವ ಬಟ್ಟೆಗಳನ್ನು ಪಕ್ಕಕ್ಕೆ ತಳ್ಳಿ ಕೂತು, ಮೊಬೈಲನ್ನು ನನ್ನ ಮೂಗಿನ ಮುಂದೆ ಹಿಡಿದ. ಸಮುದ್ರ, ಅದರ ಮೇಲೆ ಉದ್ದನೆಯ ಸೇತುವೆ, ಸೇತುವೆಯ ಮೇಲೆ ಯಾವನೋ ಒಬ್ಬ ಟೋಪಿ ಹಾಕಿಕೊಂಡು ನಡೆಯುತ್ತ ಜೀವನದ ಅರ್ಥ ಹೇಳುತ್ತಿದ್ದ.

“ಪಾಂಬನ್ ಸೇತುವೆ ಅಣ್ಣಾ, ರಾಮೇಶ್ವರದತ್ರ. ಇಪ್ಪತ್ತಾರು ಸೋಮವಾರ ಬಂದೈತೆ. ಶನಿವಾರ ಒಂಟ್ರೆ ಮೂರು ದಿನ ಸಿಗ್ತೈತೆ. ಈ ತುದಿಯಿಂದ ಆ ತುದೀಗೆ ನಡ್ಕಂಡು ಓಗಾನ.”

“ಯಾಕೆ, ಕಾರು ಕೆಟ್ಟಿದೆಯಾ?”

ಅವನು ನಗಲಿಲ್ಲ. ದನಿ ಇಳಿಸಿ, ಸಿನಿಮಾದ ಡಾಕ್ಟರ ಹಾಗೆ ಹೇಳಿದ: “ಅತ್ತಿಗೆ ಆಸೆ ಅಣ್ಣಾ. ಒಂದ್ಸಲ ಆ ಸೇತುವೆ ಮೇಲೆ ನಡೀಬೇಕು ಅಂತ ಕವಿತತ್ತಿಗೆ ನನ್ನತ್ರ ಏಳಿದ್ರು.”

ಕವಿತ ನನ್ನ ಹೆಂಡತಿ. ಆಗಸ್ಟಿನಲ್ಲಿ ಜ್ವರವೆಂದು ಮಲಗಿದವಳು ವಾರ ತುಂಬುವುದರೊಳಗೆ ಹೋದಳು. ಬಂಗಾರಪೇಟೆ ಸ್ಟೇಷನ್ನಿನ ಮೇಲ್ಸೇತುವೆ ಹತ್ತುವಾಗಲೇ ಕಣ್ಣು ಮುಚ್ಚಿ ನನ್ನ ತೋಳು ಹಿಡಿಯುತ್ತಿದ್ದವಳಿಗೆ ಸಮುದ್ರದ ಮೇಲೆ ನಡೆಯುವ ಆಸೆ ಇತ್ತಂತೆ. ನನಗೆ ಹೇಳಲಿಲ್ಲ, ಇವನಿಗೆ ಹೇಳಿದಳಂತೆ. ಸತ್ತವರ ಬಾಯಿಗೆ ಮಾತು ಹಾಕುವುದು ಎಷ್ಟು ಸುಲಭ!

ಗಿರಿ ನನ್ನ ನಾದಿನಿ ಸುಮಲತಳ ಗಂಡ. ಸಾಲದ್ದಕ್ಕೆ ನಮ್ಮ ಅತ್ತೆ ಕದಿರಮ್ಮನವರ ಸ್ವಂತ ತಮ್ಮನ ಮಗ. ಬಂಗಾರಪೇಟೆ ಹತ್ತಿರದ ಹಳ್ಳಿಯಲ್ಲಿ ಹಸು ಕಟ್ಟಿಕೊಂಡು, ಅತ್ತೆಯನ್ನು ಮನೆಯಲ್ಲಿಟ್ಟುಕೊಂಡಿದ್ದಾನೆ. ಅಂದರೆ ಅವನು ಎರಡು ಕಡೆಯಿಂದಲೂ ಒಳಗಿನವನು. ನಾನು ಒಂದೇ ಕಡೆಯಿಂದ ಬಂದವನು, ಆ ಕಡೆಯೂ ಈಗಿಲ್ಲ. ಮಕ್ಕಳೂ ಇಲ್ಲ. ಹೆಂಡತಿಯೇ ಇಲ್ಲದ ಮೇಲೆ ಷಡ್ಡಕ ಎಂಬ ಪದ ಚಾಲ್ತಿಯಲ್ಲಿರುತ್ತದೋ ಇಲ್ಲವೋ, ನಿಘಂಟು ಬರೆದವರು ಯೋಚಿಸಿದಂತಿಲ್ಲ.

ಬರುವುದಿಲ್ಲ ಎಂದೆ. ಸರಿ ಅಣ್ಣಾ, ನಿನ್ನ ಸೀಟು ಮುಂದೇನೇ ಅಂದು ಹೋದ.

ಜನವರಿ 7, ಬುಧವಾರ

ಚಿತ್ತೂರಿನಿಂದ ಅಣ್ಣನ ಫೋನು. ಅವನ ಪುಸ್ತಕದಂಗಡಿಯ ಪಕ್ಕದ ಮಳಿಗೆ ಖಾಲಿಯಾಗಿದೆ. “ಅಲ್ಲಿ ಒಬ್ಬನೇ ಏನು ಮಾಡ್ತೀಯ, ಇಲ್ಲಿಗೇ ಬಂದು ಅಂಗಡಿ ಹಾಕು” ಎಂದು ದೀಪಾವಳಿಯಿಂದ ಹೇಳುತ್ತಿದ್ದ. ಆಗಲಿ, ಫೆಬ್ರವರಿ ಕೊನೆಗೆ ಬರುತ್ತೇನೆ ಎಂದೆ. ಕೆಳಗಡೆ ಇರುವ ಮನೆ ಮಾಲೀಕ ಆರುಮುಗಂ ಅವರಿಗೂ ತಿಳಿಸಿದೆ. “ಅಯ್ಯೋ, ಏನ್ ಸಾರ್ ಹೀಗೆ” ಅಂದರು, ಮರುಕ್ಷಣವೇ ಗೋಡೆಗೆ ಯಾವ ಬಣ್ಣ ಹೊಡೆಸಬಹುದೆಂದು ನನ್ನನ್ನೇ ಕೇಳಿದರು.

ಹೆಂಡತಿ ಮನೆಯವರಿಗೆ ಹೇಳಿಲ್ಲ. ಹೇಳುವ ಅಗತ್ಯ ಕಾಣುವುದಿಲ್ಲ. ಹೋದ ಮೇಲೆ ಗೊತ್ತಾಗುತ್ತದೆ.

ಷಡ್ಡಕ ‘ಪಾಂಬನ್ ಪಾದಯಾತ್ರೆ’ ಎಂಬ ವಾಟ್ಸಾಪ್ ಗುಂಪು ಮಾಡಿದ್ದಾನೆ. ಅವನು, ಸುಮ, ನಾನು. ಇಬ್ಬರು ಒಂದೇ ಮನೆಯಲ್ಲಿದ್ದಾರೆ. ಅಂದರೆ ಗುಂಪು ಇರುವುದು ನನ್ನೊಬ್ಬನಿಗಾಗಿ. ಬೆಳಗಾಗುವ ಮೊದಲೇ ಸೂರ್ಯ, ಗುಲಾಬಿ, ಶುಭೋದಯ.

ಜನವರಿ 11, ಭಾನುವಾರ

ಅಭ್ಯಾಸ ಮಾಡದೆ ಸೇತುವೆ ಹತ್ತಬಾರದಂತೆ. ಕತ್ತಲಿರುವಾಗಲೇ ಹಾರನ್. ಗಿಳಿಹಸಿರು ಬಣ್ಣದ ಹೊಸ ಶೂ ಹಾಕಿಕೊಂಡು ನಿಂತಿದ್ದ. ಕಾಲಿಗಿಂತ ಮೊದಲು ಶೂ ಕಾಣಿಸುತ್ತಿತ್ತು.

ಮಾರಿಕುಪ್ಪಂ ಸ್ಟೇಷನ್ ತನಕ ನಡೆದೆವು. ದಾರಿಯುದ್ದಕ್ಕೂ ಉಸಿರಾಟ, ಮಂಡಿ, ಬೆನ್ನುಮೂಳೆಗಳ ಬಗ್ಗೆ ಉಪನ್ಯಾಸ. ಹಾಲು ಹಾಕುವವನಿಗೆ ಇಷ್ಟೊಂದು ವೈದ್ಯಶಾಸ್ತ್ರ ಎಲ್ಲಿಂದ ಬಂತೆಂದರೆ ಅದೇ ಮೊಬೈಲಿನಿಂದ. ಇಷ್ಟು ಹುರುಪಿದ್ದರೆ ನಮ್ಮೂರಿನ ನಂದಿದುರ್ಗ ಗಣಿ ಕಡೆ ಹೋಗಿ ಗಣಿಮಣ್ಣಿನ ಗುಡ್ಡ ಹತ್ತೋಣ ನಡಿ ಎಂದೆ. ಹೊಸ ಶೂ, ಮಣ್ಣಾಗುತ್ತದೆ ಅಂದ. ಕ್ರೀಡಾಪಟು!

ಸ್ಟೇಷನ್ ಎದುರು ಟೀ ಕುಡಿದೆವು. ಬಿಸಿ ಬೋಂಡಾ ಹಾಕುತ್ತಿದ್ದರು. ನಾನು ತಿಂದೆ. ಮತ್ತೆರಡು ಹಾಕಿಸಿದ. ಅವನ್ನೂ ತಿಂದೆ, ಬಿಸಾಡಲಾಗುತ್ತದೆಯೇ?

ಜನವರಿ 15, ಗುರುವಾರ

ಸಂಕ್ರಾಂತಿ. ನಮಗೆ ಈ ವರ್ಷ ಹಬ್ಬವಿಲ್ಲ. ಸುಮ ಬಂದು ಅವರೆಕಾಳು ಸಾರು, ಬೇಯಿಸಿದ ಗೆಣಸು, ಕಡಲೆಕಾಯಿ ಇಟ್ಟು ಹೋದಳು. “ಹಬ್ಬ ಅಲ್ಲ ಬಾವ, ಸುಮ್ನೆ ಊಟ” ಅಂದಳು. ಅಡುಗೆಮನೆಗೆ ಹೋದವಳು ಅಕ್ಕನ ಮಸಾಲೆ ಡಬ್ಬಿ ತೆಗೆದು ಮುಚ್ಚಿದ ಸದ್ದಾಯಿತು. ಹೊರಗೆ ಬರಲು ಸ್ವಲ್ಪ ಹೊತ್ತಾಯಿತು.

ಜನವರಿ 20, ಮಂಗಳವಾರ

ಅವರ ಹಳ್ಳಿ ಮನೆಯಲ್ಲಿ ಹಾಲಿನ ಕ್ಯಾನು ತೊಳೆಯುತ್ತಿದ್ದ ಸುಮಳನ್ನು ಕೇಳಿಯೇ ಬಿಟ್ಟೆ: ಕವಿತಗೆ ಸೇತುವೆ ಆಸೆ ಇತ್ತೇ? ಅವಳು ಕ್ಯಾನನ್ನು ಇನ್ನೂ ಜೋರಾಗಿ ಉಜ್ಜಿದಳು. “ಇರ್ಬೋದು ಬಾವ.” ಇಡೀ ಮನೆಯಲ್ಲಿ ಒಬ್ಬರಿಗೂ ಸುಳ್ಳು ಹೇಳಲು ಬರುವುದಿಲ್ಲ, ಆದರೂ ಬಿಡುವುದಿಲ್ಲ.

ಅಲ್ಲಿಗೆ ಯಾಕೆ ಹೋಗಿದ್ದೆ ಎಂದರೆ, ಬರುವುದಿಲ್ಲ ಎಂದು ಕೊನೆಯದಾಗಿ ಹೇಳಿಬರಲು. ಅಷ್ಟರಲ್ಲಿ ಅತ್ತೆ, “ಅಲ್ಲಿ ಗಾಳಿ ಜಾಸ್ತಿ ಅಂತೆ, ಸ್ವೆಟರ್ ಮಡಗಿಕೊಳ್ಳಿ” ಅಂದರು. ಸರಿ, ಇಟ್ಟುಕೊಳ್ಳುತ್ತೇನೆ ಎಂದುಬಿಟ್ಟೆ. ಅವರೂ ಬರುತ್ತಾರಂತೆ, ಹಸು ಕರೆಯಲು ಪಕ್ಕದ ಮನೆಯ ಮಂಗಮ್ಮ ಒಪ್ಪಿದ್ದಾರಂತೆ. ಮಂಗಮ್ಮ ಒಪ್ಪದಿದ್ದರೆ ಎಲ್ಲರೂ ಉಳಿಯಬಹುದಿತ್ತು.

ಜನವರಿ 24, ಶನಿವಾರ. ರಾಮನಾಥಪುರಂ, ಲಾಡ್ಜು

ಇಡೀ ದಿನ ಕಾರಿನಲ್ಲಿ. ಗಣರಾಜ್ಯ ಹುಟ್ಟಿದ್ದೇ ರಸ್ತೆಗಿಳಿಯಲಿಕ್ಕೆ ಎಂಬಂತೆ ಜನ. ಕೃಷ್ಣಗಿರಿ ದಾಟುತ್ತಲೇ ಷಡ್ಡಕನ ತಮಿಳು ಶುರು. ಹೋಟೆಲಿನಲ್ಲಿ ಅವನು ನಾಲ್ಕು ದೋಸೆ ಕೇಳಿದ, ಹುಡುಗ ನಾಲ್ಕು ಕಾಫಿ ತಂದಿಟ್ಟ. ತಮಿಳರ ನಡುವೆ ಕೆ.ಜಿ.ಎಫ್.ನಲ್ಲಿ ಬದುಕಿದ ನಾನು ಪಕ್ಕದಲ್ಲೇ ಇದ್ದೆ. ಕೇಳಿದರೆ ತಾನೇ ಹೇಳುವುದು.

ಮುಂದಿನ ಸೀಟು ನನಗೆ ಎಂದಿದ್ದರೂ ನಾನು ಹಿಂದೆ ಅತ್ತೆಯ ಪಕ್ಕ ಕೂತೆ. ಮುಂದೆ ಕೂತರೆ ಉಪನ್ಯಾಸ ಕೇಳಬೇಕಾಗುತ್ತದೆ. ಹಿಂದೆ ಕೂತರೆ ಪ್ರಶ್ನೆಗಳು ಎಂಬುದು ಆಮೇಲೆ ಗೊತ್ತಾಯಿತು. ಅತ್ತೆಗೆ ಓದಲು ಬರುವುದಿಲ್ಲ. ಯಾವೂರು ಬಂತು, ಅದೇನು ಅಂಗಡಿ, ಬೆಟ್ಟ ಐತಾ ಅಂತ ಕೇಳುತ್ತಲೇ ಇದ್ದರು. ಸೇಲಂನಿಂದ ಮಧುರೈವರೆಗೂ ನಾನು ಬೋರ್ಡು ಓದಿದೆ. ಸಿಮೆಂಟು, ಬನಿಯನ್ನು, ಮದುವೆ ಮಂಟಪ, ಒಂದನ್ನೂ ಬಿಡಲಿಲ್ಲ. ಕವಿತ ಇದ್ದಿದ್ದರೆ ಇದು ಅವಳ ಡ್ಯೂಟಿ.

ನಾಳೆಯ ಯೋಜನೆ: ಮೂವರೂ ಮಂಡಪಂ ಕಡೆಯಿಂದ ನಡೆಯುತ್ತಾರೆ. ನಾನು ಕಾರು ಓಡಿಸಿಕೊಂಡು ಹೋಗಿ ಪಾಂಬನ್ ಕಡೆ ಕಾಯುತ್ತೇನೆ. ಯಾರಾದರೂ ಕಾರು ತರಲೇಬೇಕಲ್ಲ? ಈ ತ್ಯಾಗವನ್ನು ನಾನೇ ಮುಂದೆ ಬಂದು ಮಾಡಿದ್ದೇನೆ. ಗಿರಿಯ ಮುಖ ಬಾಡಿತು. ನನಗೆ ಇವತ್ತು ಸಿಕ್ಕ ಸಂತೋಷ ಅದೊಂದೇ.

ಜನವರಿ 25, ಭಾನುವಾರ. ರಾಮೇಶ್ವರ

ಕ್ರಮವಾಗಿ ಬರೆಯಬೇಕು, ಇಲ್ಲದಿದ್ದರೆ ನಾಳೆ ನನಗೇ ನಂಬಿಕೆಯಾಗುವುದಿಲ್ಲ.

ಬೆಳಿಗ್ಗೆ ಮಂಡಪಂ ಕಡೆಯ ತುದಿಯಲ್ಲಿ ಮೂವರನ್ನು ಇಳಿಸಿದೆ. ಗಿರಿ ಗಿಳಿಹಸಿರು ಶೂ ಬಿಗಿದು, ಕೈಕಾಲು ಆಡಿಸಿ, ನನ್ನ ಕೈಯಲ್ಲಿ ಫೋಟೋ ತೆಗೆಸಿಕೊಂಡ. ಫೋಟೋದಲ್ಲಿ ಚಂದ್ರಲೋಕಕ್ಕೆ ಹೊರಟವನ ಕಳೆ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಸುಮ ನೀರಿನ ಬಾಟಲಿ ಹಿಡಿದಳು. ನಾನು ಕೈ ಬೀಸಿ ಕಾರು ಬಿಟ್ಟೆ.

ಸೇತುವೆ ಮಟ್ಟಸವಾಗಿಲ್ಲ. ಕೆಳಗೆ ದೋಣಿ, ಹಡಗು ಹೋಗಲೆಂದು ನಡುವೆ ಗುಡ್ಡದ ಹಾಗೆ ಎದ್ದಿದೆ. ಈ ತುದಿಯಲ್ಲಿ ನಿಂತರೆ ಆ ತುದಿ ಕಾಣದು. ಎರಡೂ ಕಡೆ ಕಾರು ನಿಲ್ಲಿಸಿಕೊಂಡು ಸಮುದ್ರಕ್ಕೆ ಬೆನ್ನು ತಿರುಗಿಸಿ ಸೆಲ್ಫಿ ತೆಗೆಯುವ ಜನ, ಅವರನ್ನು ಓಡಿಸುವ ಪೊಲೀಸರು. ಸಮುದ್ರವನ್ನು ಯಾರೂ ನೋಡುತ್ತಿರಲಿಲ್ಲ. ನಾನೂ ನೋಡಲಿಲ್ಲ, ರಸ್ತೆ ನೋಡುತ್ತಿದ್ದೆ. ಪಾಂಬನ್ ಕಡೆ ಒಂದು ಮರದ ಕೆಳಗೆ ಕಾರು ನಿಲ್ಲಿಸಿ, ಟೀ ಹೇಳಿ, ಕಾಲು ಚಾಚಿದೆ. ಅರ್ಧ ಟೀ ಕುಡಿಯುವಷ್ಟರಲ್ಲಿ ಸುಮಳ ಫೋನು.

“ಬಾವಾ, ಬೇಗ ಬನ್ನಿ. ಇವ್ರು ಕೂತ್ಬಿಟ್ಟವ್ರೆ.”

“ಯಾರು, ಅತ್ತೇನಾ?”

“ಅಮ್ಮ ಚೆನ್ನಾಗವ್ಳೆ. ನಮ್ಮನೆಯವ್ರು. ಕಂಬಿ ಇಡ್ಕಂಡು ಕೂತವ್ರೆ, ಏಳ್ತಾ ಇಲ್ಲ. ಕಣ್ಣೂ ಬಿಡ್ತಾ ಇಲ್ಲ.”

ಎದೆನೋವೇ ಎಂದು ಕೇಳಿದೆ. ಆಗಸ್ಟಿನಲ್ಲಿ ಆಸ್ಪತ್ರೆಯಿಂದ ಇದೇ ಸುಮ ಹೀಗೇ ಬೇಗ ಬನ್ನಿ ಎಂದು ಫೋನ್ ಮಾಡಿದ್ದಳು. ಎದೆನೋವಲ್ಲ, ತಲೆ ಸುತ್ತಂತೆ, ಕೆಳಗೆ ನೋಡಿಬಿಟ್ಟರಂತೆ ಅಂದಳು. ಟೀ ಲೋಟ ಎಲ್ಲಿಟ್ಟೆನೋ ಗೊತ್ತಿಲ್ಲ. ಕಾರು ತೆಗೆದುಕೊಂಡು ಹೋಗೋಣವೆಂದರೆ ಪೊಲೀಸರು ಸೇತುವೆ ಬಾಯಲ್ಲಿ ವಾಹನಗಳನ್ನು ತಡೆದು ನಿಲ್ಲಿಸಿದ್ದರು. ಸಾಲು ಅಲುಗುತ್ತಿರಲಿಲ್ಲ. ನಡೆಯದೆ ವಿಧಿಯಿಲ್ಲ. ಹೀಗೆ, ಸೇತುವೆ ಮೇಲೆ ಕಾಲಿಡುವುದಿಲ್ಲ ಎಂದಿದ್ದ ನಾನು ಹವಾಯಿ ಚಪ್ಪಲಿಯಲ್ಲಿ ಓಡಿದೆ. ಅಭ್ಯಾಸವಿಲ್ಲದೆ.

ನಡುಭಾಗದಲ್ಲಿ, ಸೇತುವೆ ಅತಿ ಎತ್ತರವಿರುವ ಕಡೆ, ಪಾದಚಾರಿ ದಾರಿಯ ಮೇಲೆ ನನ್ನ ಷಡ್ಡಕ ಕೂತಿದ್ದ. ಎರಡೂ ಕೈಯಿಂದ ಕಂಬಿ ತಬ್ಬಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ, ಬಾಯಲ್ಲಿ ಗಣಪತಿಯಿಂದ ಹಿಡಿದು ಊರ ಗಂಗಮ್ಮನವರೆಗೂ ಎಲ್ಲರನ್ನೂ ಕರೆಯುತ್ತಿದ್ದ. ಹೋಗುವವರೆಲ್ಲ ನಿಂತು ನೋಡುತ್ತಿದ್ದರು. ಒಬ್ಬ ವಿಡಿಯೋ ತೆಗೆಯುತ್ತಿದ್ದ. ಎಂಥ ಅವಕಾಶ! ಮೂರು ವಾರದ ಶುಭೋದಯಗಳಿಗೆ ಒಂದೇ ಏಟಿಗೆ ಉತ್ತರ ಕೊಡಬಹುದಿತ್ತು. ನಾನು ಹೋಗಿ ಆ ವಿಡಿಯೋದವನ ಮೇಲೆ ಕೂಗಾಡಿದೆ, ಕೆ.ಜಿ.ಎಫ್. ಬಸ್ ಸ್ಟ್ಯಾಂಡಿಗೆ ತಕ್ಕ ತಮಿಳಿನಲ್ಲಿ. ಅವನು ಜಾಗ ಖಾಲಿ ಮಾಡಿದ. ಯಾಕೆ ಹಾಗೆ ಮಾಡಿದೆನೋ, ಬಿಸಿಲಿರಬೇಕು.

“ಏಳು ಗಿರಿ.”

“ಆಗಲ್ಲಣ್ಣಾ. ಸೇತುವೆ ಅಲ್ಲಾಡ್ತೈತೆ.”

“ಸೇತುವೆ ನಿಂತಿದೆ. ನೀನು ಅಲ್ಲಾಡ್ತಿದ್ದೀಯ. ಕೈ ಕೊಡು.”

ಒಂದು ಕೈ ಬಿಡಿಸಲು ಸಾಕುಬೇಕಾಯಿತು. ಬಿಡಿಸಿದ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು ನೋಡಿ, ಗುರುತು ಈಗಲೂ ಇದೆ. ನಾನು ಕಂಬಿಯ ಕಡೆಗೆ ನಿಂತೆ, ಅವನನ್ನು ರಸ್ತೆಯ ಕಡೆಗೆ ನಿಲ್ಲಿಸಿದೆ. ಕಣ್ಣು ಬಿಡಬೇಡ, ನಾನು ಹೇಳಿದ ಹಾಗೆ ಹೆಜ್ಜೆ ಹಾಕು ಎಂದೆ. ಸುಮ ಅತ್ತೆಯನ್ನು ಹಿಡಿದು ಹಿಂದೆ ಬಂದಳು. ಗಾಳಿ ನಮ್ಮನ್ನು ಬಟ್ಟೆ ಒಣಹಾಕಿದ ಹಾಗೆ ಬಡಿಯುತ್ತಿತ್ತು.

ಮಾತಾಡಿಸುತ್ತಿದ್ದರೆ ಭಯ ಮರೆಯುತ್ತಾನೆ ಅನ್ನಿಸಿತು. ನನಗೂ ಕೇಳುವುದಿತ್ತು.

“ನಿನಗೆ ಎತ್ತರ ಅಂದರೆ ಭಯ ಅಂತ ಗೊತ್ತಿರಲಿಲ್ವಾ?”

“ಗೊತ್ತಿತ್ತು. ಮನೆ ಮೇಲಿನ ಟ್ಯಾಂಕ್ ತೊಳ್ಯಾಕೂ ಆಳು ಕರೀತೀನಿ.”

“ಮತ್ತೆ ಸೇತುವೆ?”

“ಮೊಬೈಲಲ್ಲಿ ಇಷ್ಟು ಎತ್ರ ಕಾಣಿಸ್ಲಿಲ್ಲಣ್ಣಾ.”

ನಗಬಾರದೆಂದುಕೊಂಡೆ. ಆಗಲಿಲ್ಲ. ಅವನು ಕಣ್ಣು ಮುಚ್ಚಿಕೊಂಡೇ, “ನಗು ನಗು” ಅಂದ. ಸ್ವಲ್ಪ ದೂರ ಹೋದ ಮೇಲೆ ಕೇಳಿದೆ, ಕವಿತಗೆ ನಿಜವಾಗಿಯೂ ಈ ಆಸೆ ಇತ್ತೇ?

“ಇಲ್ಲ. ಅತ್ತಿಗೆ ಅಂಗೇನೂ ಏಳ್ಲಿಲ್ಲ. ನಾನೇ ಕಟ್ಟಿದ್ದು.”

“ಯಾಕೆ?”

“ಮತ್ತೇನಂತ ಕರೀಬೇಕಿತ್ತು ನಿನ್ನ? ದೀಪಾವಳಿಗೆ ಕರುದ್ರೆ ಬರ್ಲಿಲ್ಲ. ಕರು ಹಾಕೈತೆ, ಗಿಣ್ಣು ಮಾಡವ್ರೆ ಬಾ ಅಂದ್ರೆ ಬರ್ಲಿಲ್ಲ. ಅತ್ತಿಗೆ ಎಸ್ರು ಏಳಿದ್ರಾದ್ರೂ ಬತ್ತೀಯ ಅಂದ್ಕಂಡೆ.” ಎರಡು ಹೆಜ್ಜೆ ಹಾಕಿ ಹೇಳಿದ: “ಚಿತ್ತೂರಿಗೆ ಓಗ್ತೀಯಂತೆ. ಆರುಮುಗಂ ಏಳಿದ್ರು, ಸಂಕ್ರಾಂತಿಗೆ ಮುಂಚೇನೇ.”

ಹೆಜ್ಜೆ ನೋಡಿ ಹಾಕು ಎಂದೆ.

“ಅತ್ತಿಗೆ ಇಲ್ಲ ಅಂದ್ಮೇಲೆ ನಾವು ಯಾರೂ ಅಲ್ವಾ ನಿಂಗೆ?”

ಗಾಳಿಗೆ ಕೇಳಿಸಲಿಲ್ಲ ಎಂದೆ. ಕೇಳಿಸಿತ್ತು. ನಾನು ಇವರಿಗೆ ಯಾರೂ ಅಲ್ಲ ಎಂದು ಐದು ತಿಂಗಳಿಂದ ಲೆಕ್ಕ ಹಾಕುತ್ತ ಕೂತಿದ್ದೆ. ಇವನು ಅದೇ ಲೆಕ್ಕವನ್ನು ತನ್ನ ಕಡೆಯಿಂದ ಹಾಕಿಕೊಂಡಿದ್ದಾನೆ. ಇಷ್ಟು ದಡ್ಡನೆಂದು ನನಗೆ ಗೊತ್ತಿರಲಿಲ್ಲ. ಯಾರನ್ನು ಕುರಿತು ಬರೆದೆ ಎಂದು ಆಮೇಲೆ ಯೋಚಿಸುತ್ತೇನೆ.

ಅಷ್ಟರಲ್ಲಿ ಪಕ್ಕದ ರೈಲು ಸೇತುವೆಯ ಕಡೆಯಿಂದ ರೈಲಿನ ಕೂಗು. ಜನರೆಲ್ಲ ಮೊಬೈಲು ಎತ್ತಿ ಓಡಿಬಂದರು. ನಾವೂ ನಿಂತೆವು. ರೈಲು ನೀರಿಗೆ ಅಷ್ಟು ಹತ್ತಿರದಲ್ಲಿ, ನಿಧಾನವಾಗಿ, ಸಮುದ್ರವನ್ನು ಎಬ್ಬಿಸಬಾರದು ಎಂಬಂತೆ ಬರುತ್ತಿತ್ತು. ಚೆನ್ನಾಗಿತ್ತು. ಸುಳ್ಳು ಹೇಳಿ ಕರೆತಂದರೂ ಚೆನ್ನಾಗಿದ್ದದ್ದನ್ನು ಚೆನ್ನಾಗಿಲ್ಲ ಅನ್ನಲಾಗುತ್ತದೆಯೇ? ಗಿರಿ ಒಂದು ಕಣ್ಣನ್ನು ಚೂರು ತೆರೆದು ನೋಡಿ ಮುಚ್ಚಿಕೊಂಡ.

“ರಾಮೇಶ್ವರದ ರೈಲಾ? ಸ್ವಾಮೀ” ಎಂದು ಅತ್ತೆ ಕೈಮುಗಿದರು. ಅವರು ಕೈಮುಗಿದದ್ದು ಇನ್ನೊಂದು ಕಡೆಗೆ. ಅಲ್ಲಿ ರೈಲೂ ಇರಲಿಲ್ಲ, ಸೇತುವೆಯೂ ಇರಲಿಲ್ಲ. ಖಾಲಿ ನೀರು.

“ಅಮ್ಮಾ, ಈ ಕಡೆ” ಎಂದು ಸುಮ ತಿರುಗಿಸಿದಳು. ಅತ್ತೆ ಈ ಕಡೆಗೂ ಮುಗಿದರು. ರೈಲು ಎದುರಿಗೇ ಹೋಗುತ್ತಿದ್ದಾಗ “ಇನ್ನೂ ಬರ್ಲಿಲ್ವಾ?” ಅಂದರು.

ಅಷ್ಟು ಎತ್ತರದಲ್ಲಿ ಇವರೊಬ್ಬರು ಹೇಗೆ ಹೆದರದೆ ನಿಂತಿದ್ದಾರೆಂದು ನಾವೆಲ್ಲ ಮೆಚ್ಚಿಕೊಂಡಿದ್ದೆವು. ನಾನು ಹತ್ತಿರ ಹೋಗಿ ಕೇಳಿದೆ: “ಅತ್ತೆ, ನಿಮಗೆ ಭಯ ಆಗ್ಲಿಲ್ವಾ?”

“ಯಾತುಕ್ಕಪ್ಪ ಭಯ? ಎಲ್ಲಾ ಬೆಳ್ಳಗೆ ಒಗೆ ತುಂಬ್ದಂಗೈತೆ. ನಿಮ್ಗೆ ಇದ್ರಲ್ಲಿ ಏನು ಕಾಣಿಸ್ತೈತೋ!”

ನಾನು ಕನ್ನಡಕ ಮಾರುವವನು. ನಿನ್ನೆ ಸೇಲಂನಿಂದ ಮಧುರೈವರೆಗೆ ಬೆಟ್ಟ ಐತಾ, ಬೆಟ್ಟ ಐತಾ ಎಂದು ಕೇಳಿದಾಗಲೂ ನನಗೆ ಹೊಳೆಯಲಿಲ್ಲ.

ಇಳಿಜಾರು ಶುರುವಾದ ಮೇಲೆ ಗಿರಿಯ ಕಾಲಿಗೆ ಧೈರ್ಯ ಬಂತು. ತುದಿ ಮುಟ್ಟಿದಾಗ ಕಣ್ಣು ಬಿಟ್ಟು, ನನ್ನ ಕೈ ಬಿಟ್ಟು, “ಸೇತುವೆ ಮುಗೀತು ನೋಡಣ್ಣಾ” ಅಂದ, ತಾನೇ ಕಟ್ಟಿಸಿದವನ ಹಾಗೆ. ಆಮೇಲೆ ಮರದ ಕೆಳಗೆ ಹೋಗಿ ವಾಂತಿ ಮಾಡಿದ. ನಾನು ಬೆನ್ನು ಸವರಿದೆ. ಶೂ ಮೇಲೆ ಬಿತ್ತು. ಆ ಶೂಗೆ ಅದು ಆಗಬೇಕಾದದ್ದೇ.

ಜನವರಿ 26, ಸೋಮವಾರ

ವಾಪಸ್ ಊರಿಗೆ. ದಿಂಡಿಗಲ್‌ವರೆಗೆ ಗಿರಿ ಉಪನ್ಯಾಸವಿಲ್ಲದೆ ಕಾರು ಓಡಿಸಿದ. ಆಮೇಲೆ ಅದು ಭಯವಲ್ಲ, ನಿನ್ನೆ ಬೆಳಿಗ್ಗೆ ತಿಂದ ಪೊಂಗಲ್ಲಿನ ದೋಷ ಎಂಬ ಸಂಶೋಧನೆ ಹೊರಬಂತು. ಸುಮ ನನ್ನ ಕಡೆ ನೋಡಿದಳು. ಪೊಂಗಲ್ಲಿಗೆ ತುಪ್ಪ ಜಾಸ್ತಿಯಾಗಿತ್ತು, ನಿಜ ಎಂದೆ. ಇಲ್ಲದಿದ್ದರೆ ಬಂಗಾರಪೇಟೆವರೆಗೂ ವಾದ ನಡೆಯುತ್ತಿತ್ತು.

ಜನವರಿ 28, ಬುಧವಾರ

ಅತ್ತೆಯನ್ನು ಅಂಗಡಿಗೆ ಕರೆಸಿ ಕಣ್ಣು ನೋಡಿದೆ. ಅಕ್ಷರ ಬಾರದವರಿಗೆಂದು ಬೇರೆ ಚಾರ್ಟು ಇದೆ. ಗೆರೆಗಳ ಬಾಯಿ ಯಾವ ಕಡೆಗಿದೆ ಎಂದು ಕೈಯಲ್ಲಿ ತೋರಿಸಿದರೆ ಸಾಕು. ಅತ್ತೆ ಒಂದೊಂದನ್ನೂ ಯೋಚಿಸಿ ನೋಡಿ, “ಎಲ್ಲಾ ನಿಮ್ ಕಡೀಕೇ ತಿರುಗವೆ” ಅಂದರು. ಟಾರ್ಚು ಬಿಟ್ಟೆ. ಎರಡೂ ಕಣ್ಣಿಗೆ ಪೊರೆ, ಬಲಗಡೆಯದು ಚೆನ್ನಾಗಿ ಬಲಿತಿದೆ. ಆಪರೇಷನ್ ಆಗಲೇಬೇಕು.

ಕವಿತ ಇದ್ದಾಗ ಅವಳೇ ವರ್ಷಕ್ಕೊಮ್ಮೆ ಕರೆತರುತ್ತಿದ್ದಳು. ಈ ಸಲ ಯಾಕೆ ಹೇಳಲಿಲ್ಲ ಎಂದು ಅತ್ತೆಯನ್ನು ಕೇಳಿದೆ.

“ನಿಮ್ ಕಣ್ಣೀರೇ ನಿಂತಿರ್ಲಿಲ್ಲ. ಅದ್ರಾಗೆ ನನ್ ಕಣ್ಣು ಬೇರೆ ಏಳಾದಾ?” ಅಂದರು. “ಮುದುಕಿ. ಅರ್ಧ ಕಂಡ್ರೆ ಸಾಕಪ್ಪ.”

ಅರ್ಧವೂ ಕಾಣುತ್ತಿಲ್ಲ. ಕೋಲಾರದ ಕಣ್ಣಾಸ್ಪತ್ರೆಗೆ ಫೋನು ಮಾಡಿ ದಿನ ಗೊತ್ತುಮಾಡಿದೆ. ನನಗೆ ಪರಿಚಯದ ಡಾಕ್ಟರಿದ್ದಾರೆ. ಬೇರೆ ಯಾರು ಮಾಡುತ್ತಾರೆ? ಗಿರಿಗೆ ಬಿಟ್ಟರೆ ಮೊಬೈಲು ನೋಡಿ ಕ್ಯಾರೆಟ್ ರಸ ಕುಡಿಸುತ್ತಾನೆ.

ಫೆಬ್ರವರಿ 3, ಮಂಗಳವಾರ

ಮನೆ ನೋಡಲು ಆರುಮುಗಂ ಯಾರನ್ನೋ ಕರೆತಂದಿದ್ದರು. ಗಂಡ, ಹೆಂಡತಿ, ಚೆನ್ನಾಗಿ ಮಾತಾಡುವವರು. ನೀರು ಹೇಗೆ ಸಾರ್ ಎಂದು ಕೇಳಿದರು. ಬರುವುದೇ ಅಪರೂಪ, ಬಂದರೂ ಕೆಂಪಗೆ, ಮೇಲ್ಗಡೆ ಕೋತಿಕಾಟ, ಮಳೆಗಾಲದಲ್ಲಿ ಗೋಡೆ ಒದ್ದೆ ಎಂದೆ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ. ಅವರು ಹೋದ ಮೇಲೆ ಆರುಮುಗಂ ಮೆಟ್ಟಿಲ ಮೇಲೆ ನಿಂತು ನನ್ನನ್ನೇ ನೋಡಿದರು. “ಕೋತಿ ಯಾವಾಗ ಬಂತು ಸಾರ್?”

ಫೆಬ್ರವರಿ 12, ಗುರುವಾರ. ಕೋಲಾರ, ಆಸ್ಪತ್ರೆ

ಬಲಗಣ್ಣು ಆಯಿತು. ಅತ್ತೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಾರೆ. ಜೊತೆಗೆ ಒಬ್ಬರೇ ಇರಬೇಕೆಂದು ನರ್ಸ್ ಹೇಳಿದರು. ನಾನಿರುತ್ತೇನೆ ಎಂದ ಗಿರಿ. ಹಸು ಯಾರು ಕರೆಯುತ್ತಾರೆ, ನಾನಿರುತ್ತೇನೆ ಎಂದೆ ನಾನು. ಅವನ ಅತ್ತೆ ಅಂತೆ. ನನ್ನ ಅತ್ತೆ ಅಲ್ವಾ ಎಂದೆ. ಕಾರಿಡಾರಿನಲ್ಲಿ ದನಿ ಎತ್ತರವಾಯಿತು. ನರ್ಸ್ ಇಬ್ಬರನ್ನೂ ಹೊರಗೆ ಹಾಕಿ ಸುಮಳನ್ನು ಒಳಗೆ ಬಿಟ್ಟರು.

ಈಗ ಇಬ್ಬರೂ ಹೊರಗಿನ ಬೆಂಚಿನ ಮೇಲಿದ್ದೇವೆ. ಹಸು ಮಂಗಮ್ಮನ ಪಾಲು. ಗಿರಿ ನನ್ನ ಹೆಗಲ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದಾನೆ. ಬರೆಯುವ ಕೈಯೇ ಆ ಕಡೆಯದು. ಅಲ್ಲಾಡಿಸಿದರೆ ಏಳುತ್ತಾನೆ, ಎದ್ದರೆ ಮಾತಾಡುತ್ತಾನೆ. ಅದಕ್ಕೇ ಅಕ್ಷರ ಹೀಗೆ.

ಫೆಬ್ರವರಿ 13, ಶುಕ್ರವಾರ

ಅಣ್ಣ ಫೋನು ಮಾಡಿದ್ದ, ಮಳಿಗೆಗೆ ಬೇರೆಯವರು ಕೇಳುತ್ತಿದ್ದಾರಂತೆ. ಮಾರ್ಚಿನಲ್ಲಿ ಅತ್ತೆಯ ಎಡಗಣ್ಣಿದೆ, ಆಗುವುದಿಲ್ಲ, ಕೊಟ್ಟುಬಿಡು ಎಂದೆ. ಮಾರ್ಚ್ ಆದ ಮೇಲಾದರೂ ಬಾ ಎಂದ. ಬೇಸಿಗೆಯಲ್ಲಿ ಚಿತ್ತೂರಿನಲ್ಲಿ ವಿಪರೀತ ಸೆಕೆ ಎಂದೆ. ಹುಟ್ಟಿ ಬೆಳೆದ ಊರಿನ ಸೆಕೆ ಈಗ ಗೊತ್ತಾಯಿತೇನೋ ಎಂದು ಫೋನಿಟ್ಟ. ಅವನಿಗೆ ಸಿಟ್ಟು ಬೇಗ.

ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಅತ್ತೆ ಸ್ವಲ್ಪ ಹೊತ್ತು ರೆಪ್ಪೆ ಬಡಿಯುತ್ತ ಕೂತಿದ್ದರು. ಮೊದಲು ಗೋಡೆ ನೋಡಿದರು. ಆಮೇಲೆ ಮಗಳನ್ನು ನೋಡಿ, “ಈ ಸೀರೆ ಇಷ್ಟು ಮಾಸೈತಲ್ಲೇ, ಇದ್ನ ಉಟ್ಕಂಡು ಊರು ತಿರುಗಿದ್ಯಾ?” ಅಂದರು. ಗಿರಿಯನ್ನು ನೋಡಿ, “ಯಾವಾಗಿಂದ್ಲಾ ಮೀಸೇಗೆ ಬಣ್ಣ?” ಅಂದರು. ಕಣ್ಣು ಬಂದವರು ಮೊದಲು ಮಾಡಿದ ಕೆಲಸ ಬೈಯುವುದು. ಆಪರೇಷನ್ ಯಶಸ್ವಿ ಎಂದುಕೊಂಡೆ.

ನನ್ನನ್ನು ನೋಡಿದರು. ಹತ್ತಿರ ಬಾ ಎಂಬಂತೆ ಕೈ ಆಡಿಸಿದರು. ಹೋದೆ. ನನ್ನ ಕೆನ್ನೆ, ಕತ್ತು, ಅಂಗಿಯ ಕಾಲರು ಮುಟ್ಟಿ ನೋಡಿದರು.

“ಇದೇನಾ ಇದು? ಮೂಳೆ ಕಾಣಿಸ್ತವೆ. ನೀನು ಊಟ ಮಾಡ್ತಾ ಇಲ್ವೇನಾ?” ಎಂದು ನನ್ನನ್ನು ಕೇಳಿ, ಗಿರಿಯ ಕಡೆ ತಿರುಗಿದರು. “ನಮ್ ದೊಡ್ಡಳಿಯ ಇಂಗಾಗವ್ನೆ ಅಂತ ಯಾರೂ ನಂಗೆ ಏಳ್ಲಿಲ್ವಲ್ಲಾ! ಕಣ್ಣು ಕಾಣ್ದೋಳು ಅಂತ ಮುಚ್ಚಿಟ್ರಾ?”

ಗಿರಿ ನೆಲ ನೋಡಿದ. ಕಂಬಿ ಇದ್ದಿದ್ದರೆ ಹಿಡಿದುಕೊಳ್ಳುತ್ತಿದ್ದನೇನೋ.

ಮದುವೆಯಾದಾಗಿನಿಂದ ಅತ್ತೆ ನನ್ನನ್ನು ಬಹುವಚನದಲ್ಲೇ ಕರೆದದ್ದು. ಸಿಟ್ಟು ಬಂದಾಗಲೂ, ಮಗಳು ಸತ್ತು ಅಂಗಳದಲ್ಲಿ ಬಿದ್ದು ಅತ್ತಾಗಲೂ, “ನೀವು” ತಪ್ಪಿರಲಿಲ್ಲ. ಇವತ್ತು ಆಸ್ಪತ್ರೆಯಲ್ಲಿ, ನರ್ಸುಗಳ ಎದುರು, ಏಕವಚನ. ಇದನ್ನು ಬರೆಯಲು ಯಾಕೋ ಇಷ್ಟು ಹೊತ್ತಾಯಿತು.

ಮಧ್ಯಾಹ್ನ ಅವರ ಹಳ್ಳಿಯಲ್ಲೇ ಊಟ. ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಅತ್ತೆ ನನ್ನ ಎದುರೇ ಕುರ್ಚಿ ಹಾಕಿಸಿಕೊಂಡು ಕೂತರು. ಮುದ್ದೆ ಸ್ವಲ್ಪ ಗಟ್ಟಿಯಾಗಿತ್ತು, ಸಾರಿಗೆ ಉಪ್ಪು ಕಡಿಮೆ. ಒಂದು ಮುಗಿಯುವುದರೊಳಗೆ ಸುಮ ಇನ್ನೊಂದು ಹಾಕಿದಳು. ಬೇಡ ಎನ್ನಲು ಧೈರ್ಯ ಸಾಲಲಿಲ್ಲ. ಈಗ ಅವರಿಗೆ ತಟ್ಟೆ ಕಾಣಿಸುತ್ತದೆ.